ಎಡಪುಟ ಮಂಗಳೂರು, ಬಲಪುಟ ಇಟಲಿ

ಇನ್ನು ಒಂಬತ್ತು ದಿನಕ್ಕೆ ನಾವು ಇಟಲಿಗೆ ಹೊರಡುತ್ತೇವೆ. ನಾನು, ನಮ್ಮವರು, ಮಗಳು. ಹನ್ನೆರಡು ದಿನದ ತಿರುಗಾಟ. ನನ್ನ ಸ್ಕೆಚ್‌ಬುಕ್ಕಿನಲ್ಲಿ ಒಟ್ಟು 64 ಪುಟ ಉಂಟು. ಅದರಲ್ಲಿ 28 ಪುಟ ಈಗಾಗಲೇ ತುಂಬಿದೆ. "ಇಟಲಿಯ ಪುಸ್ತಕದಲ್ಲಿ ನಮ್ಮ ದಕ್ಕೆಯ ಬೋಟು ಯಾಕೆ ಟೀಚರ್?" ಎಂದು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು. ದಕ್ಕೆ ಅಂದರೆ ಬಂದರಿನಲ್ಲಿ ಬೋಟು ಕಟ್ಟುವ ಜಾಗ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಪ್ರವಾಸದಲ್ಲಿ ಚಿತ್ರ ಬಿಡಿಸಬೇಕು, ಪಕ್ಕದಲ್ಲಿ ನಾಲ್ಕು ಸಾಲು ಬರೆಯಬೇಕು ಅಂತ ಆಸೆ ಇರುವವರು ಟಿಕೆಟ್ ಬುಕ್ ಮಾಡಿದ ದಿನವೇ ಪುಸ್ತಕ ಶುರು ಮಾಡಿ. ಊರಲ್ಲೇ ಶುರು ಮಾಡಿ.

ನಾನು ಇದನ್ನು ಕಲಿತದ್ದು 2018ರಲ್ಲಿ, ಶ್ರೀಲಂಕಾಕ್ಕೆ ಹೋದಾಗ. ಹೊಸ ಪುಸ್ತಕ, ಹೊಸ ಬಣ್ಣ, ಎಲ್ಲವನ್ನೂ ಪ್ಯಾಕೆಟ್ ಒಡೆಯದೆ ತಗೊಂಡು ಹೋಗಿದ್ದೆ. ಕ್ಯಾಂಡಿಯ ಕೆರೆ ದಂಡೆಯಲ್ಲಿ ಕೂತು ಮೊದಲ ಪುಟ ಬಿಚ್ಚಿದೆ. ಎದುರಿಗೆ ಅಷ್ಟು ಚಂದದ ನೋಟ, ಮಡಿಲಲ್ಲಿ ಅಷ್ಟು ಬಿಳಿ ಪುಟ. ಹಾಳಾದರೆ ಎಂಬ ಹೆದರಿಕೆಗೆ ಕೈ ಓಡಲಿಲ್ಲ. ಆ ಕಾಗದ ಎಷ್ಟು ನೀರು ಕುಡಿಯುತ್ತದೆ, ಆ ಬ್ರಶ್ ಎಷ್ಟು ನೀರು ಹಿಡಿಯುತ್ತದೆ ಅಂತಲೂ ಗೊತ್ತಿರಲಿಲ್ಲ. ಎಂಟು ದಿನದಲ್ಲಿ ಮೂರು ಪುಟ ಬಿಡಿಸಿದೆ. ಅದರಲ್ಲಿ ಎರಡು ಹೋಟೆಲ್ ರೂಮಿನಲ್ಲಿ ಕೂತು ಫೋಟೋ ನೋಡಿ ಬಿಡಿಸಿದ್ದು. ಆ ಬೇಸರ ಇವತ್ತಿಗೂ ಉಂಟು.

ಈ ಸಲ ಮೇ ತಿಂಗಳ ಒಂದು ಭಾನುವಾರ, ಮಂಗಳೂರಿನ ಬಿಜೈಯ ನಮ್ಮ ಮನೆಯಲ್ಲಿ, ಊಟದ ಮೇಜಿನ ಮೇಲೆ ಟಿಕೆಟ್ ಬುಕ್ ಆಯಿತು. ಆದ ಕೂಡಲೇ ಪುಸ್ತಕ ತೆಗೆದು ಮೇಜಿನ ಮೇಲಿದ್ದದ್ದನ್ನೇ ಬಿಡಿಸಿದೆ. ಮಗಳ ಲ್ಯಾಪ್‌ಟಾಪು, ನಮ್ಮವರ ಕನ್ನಡಕ, ಅರ್ಧ ಕುಡಿದ ಚಾ ಗ್ಲಾಸು, ತಟ್ಟೆಯಲ್ಲಿ ಉಳಿದ ಒಂದೇ ಒಂದು ಗೋಳಿಬಜೆ. ಹತ್ತು ನಿಮಿಷದ ಕೆಲಸ. ಪಕ್ಕದಲ್ಲಿ ತಾರೀಕು ಬರೆದೆ. ಮೊದಲ ಪುಟದ ಹೆದರಿಕೆ ಅಲ್ಲಿಗೇ ಮುಗಿಯಿತು.

ಈಗ ಸಾಮಾನಿನ ವಿಷಯ. ಪುಸ್ತಕ ಎ5 ಗಾತ್ರದ್ದು ಸಾಕು, ಅಂದರೆ 148 × 210 ಮಿ.ಮೀ. ಎಡಗೈಯಲ್ಲಿ ಹಿಡಿದು ನಿಂತುಕೊಂಡೇ ಬಿಡಿಸಬಹುದು. ಹೆಗಲ ಚೀಲದಲ್ಲಿ ಕೂರುತ್ತದೆ. ಕಾಗದ 200 ಜಿಎಸ್‌ಎಂಗಿಂತ ಕಡಿಮೆಯದ್ದು ಬೇಡ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. 300ರದ್ದು ನೀರಿಗೆ ಅಷ್ಟು ಸುಕ್ಕಾಗುವುದಿಲ್ಲ, ಆದರೆ ಪುಸ್ತಕ ದಪ್ಪ, ಪುಟ ಕಡಿಮೆ. ನಾನು 200ರದ್ದು ತಗೊಂಡೆ. ಪೂರ್ತಿ ಹತ್ತಿಯ ಕಾಗದ ಎಲ್ಲಕ್ಕಿಂತ ಒಳ್ಳೆಯದು, ನಿಜ. ಆದರೆ ಅದರ ರೇಟು ನೋಡಿದ ಮೇಲೆ ಅದರ ಮೇಲೆ ಗೆರೆ ಎಳೆಯಲು ಮನಸ್ಸು ಬರುವುದಿಲ್ಲ. ಧೈರ್ಯವಾಗಿ ಹಾಳು ಮಾಡಬಹುದಾದ ಕಾಗದವೇ ಪ್ರವಾಸಕ್ಕೆ ಸರಿ. ಬೈಂಡಿಂಗ್ ಹೊಲಿಗೆಯದ್ದಾಗಿರಲಿ, ಸ್ಪೈರಲ್ ಬೇಡ. ಎಡ ಬಲ ಎರಡೂ ಪುಟ ಸೇರಿ ಒಂದು ಚಿತ್ರವಾಗಬೇಕಲ್ಲ, ನಡುವೆ ತಂತಿ ಬಂದರೆ ಆಗದು. ಇದರ ಕಾರಣ ಮುಂದೆ ಹೇಳುತ್ತೇನೆ.

ಪುಸ್ತಕ ತಂದ ಕೂಡಲೇ ಎಲ್ಲ ಪುಟದ ಮೂಲೆಗೆ ಪೆನ್ಸಿಲಿನಲ್ಲಿ ನಂಬರ್ ಹಾಕಿ. ಹಿಂದಿನ ರಟ್ಟಿಗೆ ಒಂದು ಲಕೋಟೆ ಅಂಟಿಸಿ, ಟಿಕೆಟು ಚೀಟಿ ಹಾಕಲು. ಒಂದು ಎಚ್ಚರ: ಸಿಟಿ ಬಸ್ಸಿನಲ್ಲಿ ಈಗ ಮೆಷಿನಿನಿಂದ ಬರುವ ಟಿಕೆಟು ಬಿಸಿಗೆ ಕಪ್ಪಾಗುವ ಕಾಗದದ್ದು. ಕೆಲವು ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ಅದನ್ನು ಅಂಟಿಸಿ ಪ್ರಯೋಜನವಿಲ್ಲ, ನೋಡಿ ಬರೆದಿಟ್ಟುಕೊಳ್ಳಿ. ಅಂಟಿಸುವುದಕ್ಕೆ ಗ್ಲೂ ಸ್ಟಿಕ್ ಬಳಸಿ. ನೀರುನೀರಾದ ಗೋಂದು ಹಾಕಿದರೆ ಪುಟ ಸೊಟ್ಟಗಾಗುತ್ತದೆ.

ನಮ್ಮ ಊರಿನಲ್ಲಿ ಜೂನ್ ಬಂತೆಂದರೆ ಕಾಗದಕ್ಕೆ ಕಷ್ಟಕಾಲ. ಜಲವರ್ಣದ ಕಾಗದ ಬಣ್ಣವನ್ನು ಒಮ್ಮೆಲೇ ಹೀರಿಕೊಳ್ಳಬಾರದು ಅಂತ ಅದಕ್ಕೆ ತಯಾರಿಸುವಾಗಲೇ ಅಂಟು ಸೇರಿಸಿರುತ್ತಾರೆ. ತಿಂಗಳುಗಟ್ಟಲೆ ತೇವ ತಾಗಿದರೆ ಆ ಅಂಟು ಅಲ್ಲಲ್ಲಿ ಸತ್ತುಹೋಗುತ್ತದೆ. ಆಮೇಲೆ ಆಕಾಶಕ್ಕೆ ನೀಲಿ ಹಾಕಿದರೆ ಚುಕ್ಕೆ ಚುಕ್ಕೆಯಾಗಿ ಇಂಗುತ್ತದೆ. ನನ್ನ ಹಿಂದಿನ ಒಂದು ಪುಸ್ತಕ ಕಪಾಟಿನಲ್ಲಿ ಇಟ್ಟಲ್ಲೇ ಹೀಗೆ ಹಾಳಾಗಿತ್ತು. ಈ ಮಳೆಗಾಲ ಪೂರ್ತಿ ಪುಸ್ತಕವನ್ನು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಇಟ್ಟೆ. ಜೊತೆಗೆ ಹೊಸ ಚಪ್ಪಲಿ, ಬ್ಯಾಗುಗಳ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು. ಬಣ್ಣದ ಡಬ್ಬಿಗೆ ಮಾತ್ರ ಇದಕ್ಕೆ ತದ್ವಿರುದ್ಧ ಉಪಚಾರ. ಒದ್ದೆ ಇರುವಾಗ ಮುಚ್ಚಿದರೆ ಎರಡೇ ದಿನದಲ್ಲಿ ಬಿಳಿ ಬೂಷ್ಟು ಬರುತ್ತದೆ. ರಾತ್ರಿಯೆಲ್ಲ ತೆರೆದಿಟ್ಟು, ಪೂರ್ತಿ ಒಣಗಿದ ಮೇಲೆ ಮುಚ್ಚಬೇಕು.

ಬಣ್ಣ ಎಂಟು ಸಾಕು. ನಾನು ಕ್ಯಾಮ್ಲಿನ್ ಟ್ಯೂಬುಗಳಿಂದ ಪುಟ್ಟ ಪ್ಲಾಸ್ಟಿಕ್ ಗುಳಿಗಳಿಗೆ ಹಿಂಡಿ ಒಣಗಿಸಿಕೊಂಡೆ. ಬೇಸಿಗೆಯಲ್ಲಾದರೆ ಎರಡು ಮೂರು ದಿನಕ್ಕೆ ಗಟ್ಟಿಯಾಗುತ್ತದೆ. ಜೂನಿನಲ್ಲಿ ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟರೂ ಒಂದು ವಾರ ಹಿಡಿಯಿತು. ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ವರ್ಮಿಲಿಯನ್, ಕ್ರಿಮ್ಸನ್, ಅಲ್ಟ್ರಾಮರೀನ್, ಸೆರೂಲಿಯನ್, ಸ್ಯಾಪ್ ಗ್ರೀನ್. ಎಂಟನೆಯದು ಬರ್ನ್ಟ್ ಸಿಯೆನಾ. ಕಪ್ಪು ಬೇಡವೇ ಬೇಡ. ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನಾ ಸೇರಿಸಿದರೆ ಮಳೆ ಮೋಡದ ಬೂದಿ ಬಣ್ಣದಿಂದ ಹಿಡಿದು ಹೆಚ್ಚುಕಡಿಮೆ ಕಪ್ಪಿನವರೆಗೆ ಎಲ್ಲ ಬರುತ್ತದೆ.

ಈ ಬರ್ನ್ಟ್ ಸಿಯೆನಾ ನನಗೆ ಬಹಳ ಇಷ್ಟ. ಸಿಯೆನಾ ಇಟಲಿಯ ಒಂದು ಊರು. ಅಲ್ಲಿನ ಮಣ್ಣಿನಿಂದ ಬಂದ ಬಣ್ಣಕ್ಕೆ ಅದೇ ಹೆಸರಾಯಿತು. ಆ ಮಣ್ಣನ್ನು ಸುಟ್ಟಾಗ ಕೆಂಪು ತಿರುಗುತ್ತದೆ, ಅದೇ ಬರ್ನ್ಟ್ ಸಿಯೆನಾ. ನಮ್ಮಲ್ಲೂ ಅದೇ ಕಥೆ ಅಲ್ವಾ? ನೇತ್ರಾವತಿಯ ದಡದ ಜೇಡಿಮಣ್ಣು ಸುಟ್ಟರೆ ಮಂಗಳೂರು ಹಂಚು. ಬಾಸೆಲ್ ಮಿಷನಿನವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ನಾನು ಮನೆಯ ಹಿತ್ತಿಲಿನ ಹಳೆಯ ಹಂಚೊಂದನ್ನು ತೊಳೆದು ಮೇಜಿನ ಮೇಲಿಟ್ಟು, ಬಣ್ಣ ಹೊಂದಿಸುತ್ತ ಕೂತೆ. ಹೊಸ ಹಂಚಿಗೆ ಬರೇ ಬರ್ನ್ಟ್ ಸಿಯೆನಾ ಸಾಕು. ಮಳೆ ತಿಂದ ಹಂಚಿಗೆ ಚೂರು ಅಲ್ಟ್ರಾಮರೀನ್, ಪಾಚಿ ಇದ್ದಲ್ಲಿ ಸ್ಯಾಪ್ ಗ್ರೀನ್. ಮುರಕಲ್ಲಿನ ಗೋಡೆಗೆ ಸ್ವಲ್ಪ ಕ್ರಿಮ್ಸನ್. ಈ ಮಿಶ್ರಣಗಳ ಚೌಕ ಚೌಕ ಗುರುತು ಪುಟ 4ರಲ್ಲಿದೆ, ಪಕ್ಕದಲ್ಲಿ ಯಾವುದಕ್ಕೆ ಯಾವುದು ಅಂತ ಬರಹ. ಸಿಯೆನಾದ ಮಾಡುಗಳ, ಅಂದರೆ ಛಾವಣಿಗಳ, ಎದುರು ನಿಂತಾಗ ಈ ಪುಟ ತಿರುವಿದರೆ ಸಾಕು.

ಪೆನ್ನು ಕೊಳ್ಳುವಾಗ ನೀರಿಗೆ ಹರಿಯದ ಇಂಕು ಅಂತ ಖಚಿತ ಮಾಡಿಕೊಳ್ಳಿ. ಅಂಗಡಿಯವರ ಮಾತು ಬೇಡ, ನೀವೇ ನೋಡಿ. ಒಂದು ಗೆರೆ ಎಳೆದು, ಒಂದು ನಿಮಿಷ ಬಿಟ್ಟು, ಒದ್ದೆ ಬೆರಳು ಉಜ್ಜಿ. ಸಾಮಾನ್ಯ ಜೆಲ್ ಪೆನ್ನು ಹರಿಯುವುದೇ ಜಾಸ್ತಿ. ಪಿಗ್ಮೆಂಟ್ ಇಂಕಿನ ಪೆನ್ನು ನಿಲ್ಲುತ್ತದೆ. 2ಬಿ ಪೆನ್ಸಿಲು ಒಂದು, ನೀರು ತುಂಬುವ ಬ್ರಶ್ಶು ಒಂದು, ಹಳೆಯ ಬೈರಾಸಿನ (ಟವೆಲಿನ) ತುಂಡು, ಎರಡು ಕ್ಲಿಪ್ಪು. ಅಷ್ಟೇ.

ಮಳೆಗಾಲದಲ್ಲಿ ಏನು ಬಿಡಿಸುವುದು ಅಂತ ಕೇಳಬಹುದು. ನಾನು ಬಂದರಿಗೆ ಹೋದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಎಲ್ಲ ಬೋಟು ದಕ್ಕೆಯಲ್ಲಿ ಸಾಲಾಗಿ ಕಟ್ಟಿರುತ್ತವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಾ? ಬೋಟು ಅಲ್ಲಾಡುವುದಿಲ್ಲ, ಹೋಗುವುದಿಲ್ಲ, ನಾಳೆ ಬಂದರೂ ಅಲ್ಲೇ ಇರುತ್ತದೆ. ಬೋಟಿನ ಮುಖದ ಬಾಗು ಕಷ್ಟ. ಮೊದಲು ತೆಳ್ಳಗೆ ಒಂದು ಪೆಟ್ಟಿಗೆ ಬಿಡಿಸಿ, ಅದರೊಳಗೆ ಬೋಟನ್ನು ಕೂರಿಸಬೇಕು. ಓರೆ ಎಷ್ಟು ಅಂತ ನೋಡಲು ಪೆನ್ಸಿಲನ್ನು ಕೈ ಚಾಚಿ ಹಿಡಿದು, ಆ ಓರೆಗೆ ಹೊಂದಿಸಿ, ಕೈ ಅಲುಗಿಸದೆ ಪುಟದ ಮೇಲೆ ತಂದು ಇಡಬೇಕು. ನಾಲ್ಕು ಭಾನುವಾರ ಚಾದಂಗಡಿಯ ಮಾಡಿನ ಅಡಿಯಲ್ಲಿ ಕೂತು ಬರೇ ಬೋಟು ಬಿಡಿಸಿದೆ. ಬಲೆ ಹೊಲಿಯುತ್ತಿದ್ದ ಒಬ್ಬರು ಹತ್ತಿರ ಬಂದು "ದಾನೆ ಟೀಚರ್, ದಾದ ಬರೆಪುನಿ?" ಎಂದು ತುಳುವಿನಲ್ಲಿ, ಏನು ಬಿಡಿಸುವುದು ಅಂತ ಕೇಳಿ, ನೋಡಿ, ಹಗ್ಗ ಕಟ್ಟಿದ ಜಾಗ ತಪ್ಪಾಗಿದೆ ಅಂತ ತೋರಿಸಿದರು. ಹೌದು, ತಪ್ಪಾಗಿತ್ತು. ಕಣ್ಣಿಗೆ ಕಂಡದ್ದನ್ನು ಬಿಟ್ಟು ಮನಸ್ಸಿಗೆ ತೋಚಿದಂತೆ ಎಳೆದಿದ್ದೆ. ಅವರು ತೋರಿಸಿದ ಗಂಟನ್ನು ಅದೇ ಪುಟದ ಮೂಲೆಯಲ್ಲಿ ದೊಡ್ಡದಾಗಿ ಬಿಡಿಸಿಟ್ಟಿದ್ದೇನೆ.

ಆಗಸ್ಟ್ ಬಂತು, ಬೋಟುಗಳು ಹೊರಟವು, ದಕ್ಕೆ ತುಂಬ ಜನ. ಆಗ ಎರಡು ನಿಮಿಷದ ಚಿತ್ರದ ಅಭ್ಯಾಸ. ಬಂಗುಡೆ, ಬೂತಾಯಿ ಮೀನಿನ ಬುಟ್ಟಿ ಹೊತ್ತವರು ಯಾರೂ ನಿಮಗಾಗಿ ನಿಲ್ಲುವುದಿಲ್ಲ. ಮುಖ ಬಿಡಿಸಲು ಹೋಗಬೇಡಿ. ತಲೆ, ಹೆಗಲಿನ ಗೆರೆ, ಭಾರ ಬಿದ್ದ ಕಾಲು, ಈ ಮೂರು ಹಿಡಿದರೆ ಮನುಷ್ಯ ನಿಂತ ಹಾಗೆ ಕಾಣುತ್ತದೆ. ಉಳಿದದ್ದನ್ನು ಆಮೇಲೆ ತುಂಬಿಸಬಹುದು. ಒಂದು ಪುಟದಲ್ಲಿ ಏಳೆಂಟು ಜನ ಬರಲಿ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟುವ ದೋಣಿಯೂ ಇದಕ್ಕೆ ಒಳ್ಳೆಯ ಜಾಗ. ಆ ಕಡೆ ಮುಟ್ಟುವುದರೊಳಗೆ ಮುಗಿಸಬೇಕು ಅನ್ನುವ ಗಡು ತಾನಾಗಿಯೇ ಇರುತ್ತದೆ.

ಜೋಡಿ ಪುಟ

ಈಗ ಎಡ ಬಲದ ವಿಷಯ. ನನ್ನ ಪುಸ್ತಕದಲ್ಲಿ ಆರು ಕಡೆ ಎಡಪುಟದಲ್ಲಿ ಮಂಗಳೂರಿನ ಚಿತ್ರ ಉಂಟು, ಎದುರಿನ ಬಲಪುಟ ಖಾಲಿ. ಬಲಪುಟ ಇಟಲಿಯಲ್ಲಿ ತುಂಬಬೇಕು. ಈ ಉಪಾಯ ಹೊಳೆದದ್ದು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ.

ಚಾಪೆಲಿನ ಗೋಡೆ, ಮಾಡಿನ ಒಳಭಾಗ ಎಲ್ಲ ಚಿತ್ರಗಳೇ. ಅದನ್ನು ಬಿಡಿಸಿದವರು ಆಂಟೋನಿಯೊ ಮೊಸ್ಕೇನಿ. 1854ರಲ್ಲಿ ಇಟಲಿಯ ಬೆರ್ಗಾಮೊ ಪಟ್ಟಣದ ಹತ್ತಿರ ಹುಟ್ಟಿದವರು. ಬೆರ್ಗಾಮೊದ ಕರ್ರಾರಾ ಅಕಾಡೆಮಿಯಲ್ಲಿ ಕಲಿತು, ಜೆಸ್ವಿಟ್ ಎಂಬ ಕ್ರೈಸ್ತ ಸನ್ಯಾಸಿ ಸಂಘದ ಬ್ರದರ್ ಆಗಿ, ಮಂಗಳೂರಿಗೆ ಬಂದು ಇದನ್ನು ಬಿಡಿಸಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಊರಿಗೆ ಮರಳಲಿಲ್ಲ. ನಮ್ಮ ಪ್ರವಾಸದ ಪಟ್ಟಿಯಲ್ಲಿ ಬೆರ್ಗಾಮೊ ಸೇರಿದ್ದು ನನ್ನ ಹಟದಿಂದ, ಅವರಿಗಾಗಿ.

ಹಸಿ ಗಾರೆಯ ಮೇಲೆ ಬಿಡಿಸುವ ಫ್ರೆಸ್ಕೊ ಕೆಲಸದಲ್ಲಿ ಒಂದು ಕ್ರಮ ಉಂಟು. ಸುಣ್ಣದ ಗಾರೆ ಒದ್ದೆ ಇರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಒಂದು ದಿನದಲ್ಲಿ ಎಷ್ಟು ಬಿಡಿಸಲು ಆಗುತ್ತದೋ ಅಷ್ಟೇ ಜಾಗಕ್ಕೆ ಗಾರೆ ಮೆತ್ತುತ್ತಾರೆ. ಇಟಲಿಯವರು ಆ ತುಂಡಿಗೆ ಜೊರ್ನಾತಾ ಅನ್ನುತ್ತಾರೆ, ಒಂದು ದಿನದ ಕೆಲಸ ಅಂತ ಅರ್ಥ. ನಾನು ಇದನ್ನೇ ನನ್ನ ಪುಸ್ತಕಕ್ಕೆ ತಂದುಕೊಂಡೆ. ಚಿತ್ರಕ್ಕೆ ಕೂರುವ ಮೊದಲು ಕೈಯಲ್ಲಿ ಎಷ್ಟು ಹೊತ್ತು ಉಂಟು ಅಂತ ನೋಡಿ, ಅಷ್ಟಕ್ಕೆ ತಕ್ಕ ಚೌಕಟ್ಟು ಪೆನ್ಸಿಲಿನಲ್ಲಿ ಹಾಕುತ್ತೇನೆ. ಹತ್ತು ನಿಮಿಷಕ್ಕೆ ಬೆಂಕಿಪೊಟ್ಟಣದಷ್ಟು. ಅರ್ಧ ಗಂಟೆಗೆ ಅಂಗೈಯಷ್ಟು. ಒಂದು ಗಂಟೆ ಇದ್ದರೆ ಮಾತ್ರ ಇಡೀ ಪುಟ. ಚೌಕಟ್ಟು ದಾಟಿ ಹೋಗುವುದಿಲ್ಲ. ಪ್ರವಾಸದಲ್ಲಿ ಮನೆಯವರನ್ನು ಕಾಯಿಸುತ್ತ ಚಿತ್ರ ಬಿಡಿಸಿದರೆ ಅವರಿಗೂ ಕಿರಿಕಿರಿ, ನಮಗೂ ನೆಮ್ಮದಿ ಇಲ್ಲ. ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ ಅಂತ ಗೊತ್ತಾದರೆ ಅವರೂ ಕಾಯುತ್ತಾರೆ. ನಮ್ಮವರು ಈಗ ತಾವಾಗಿಯೇ "ಹತ್ತು ನಿಮಿಷದ್ದಾ, ಅರ್ಧ ಗಂಟೆದ್ದಾ?" ಎಂದು ಕೇಳುತ್ತಾರೆ.

ಚಾಪೆಲಿಗೆ ಐದು ಸಲ ಹೋದೆ. ಬಾಗಿಲಲ್ಲಿ ಇದ್ದವರನ್ನು ಕೇಳಿ, ಪೆನ್ಸಿಲು ಮಾತ್ರ ಹಿಡಿದು, ಹಿಂದಿನ ಬೆಂಚಿನಲ್ಲಿ ಕೂತೆ. ಯಾರಾದರೂ ಪ್ರಾರ್ಥನೆಗೆ ಬಂದರೆ ಪುಸ್ತಕ ಮುಚ್ಚಿದೆ. ಬಣ್ಣ ಮನೆಗೆ ಬಂದು ಹಾಕಿದೆ. ಬಣ್ಣದ ಹೆಸರುಗಳನ್ನು ಗೆರೆಯ ಪಕ್ಕದಲ್ಲೇ ಪುಟ್ಟದಾಗಿ ಬರೆದುಕೊಂಡರೆ ಮರೆಯುವುದಿಲ್ಲ. ಹೊರದೇಶದ ಮ್ಯೂಸಿಯಂಗಳಲ್ಲೂ ಹಲವು ಕಡೆ ಪೆನ್ಸಿಲಿಗೆ ಮಾತ್ರ ಒಪ್ಪಿಗೆ. ಹಾಗಾಗಿ ಈ ಅಭ್ಯಾಸ ಮೊದಲೇ ಆಗಬೇಕು.

ಈ ಎಡಪುಟಕ್ಕೆ ಬಲಪುಟ ರೋಮಿನದ್ದು. ಚಾಪೆಲಿನ ಮಾಡಿನಲ್ಲಿ ಸಂತ ಅಲೋಶಿಯಸ್ ಗೊನ್ಸಾಗರ ಬದುಕಿನ ಚಿತ್ರಗಳಿವೆ. ಅವರು 1591ರಲ್ಲಿ, ರೋಮಿನಲ್ಲಿ, ರೋಗಿಗಳ ಸೇವೆ ಮಾಡುತ್ತ ಕಾಯಿಲೆ ತಗುಲಿ ತೀರಿಕೊಂಡವರು. ಅವರನ್ನು ಇಟ್ಟಿರುವುದು ಅಲ್ಲಿನ ಸಂತ ಇಗ್ನೇಷಿಯಸ್ಸರ ಚರ್ಚಿನಲ್ಲಿ. ಅದೇ ಚರ್ಚಿನಲ್ಲಿ ಆಂದ್ರೆಯಾ ಪೋಜ್ಜೊ ಎಂಬ ಚಿತ್ರಗಾರ ಸಪಾಟಾದ ಜಾಗದ ಮೇಲೆ ಗುಮ್ಮಟ ಇದ್ದ ಹಾಗೆಯೇ ಬಿಡಿಸಿಟ್ಟಿದ್ದಾರೆ. ಸರಿಯಾದ ಜಾಗದಲ್ಲಿ ನಿಂತು ನೋಡಿದರೆ ನಿಜವಾದ ಗುಮ್ಮಟ ಅಂತಲೇ ಅನಿಸುತ್ತದಂತೆ. ಲೆಕ್ಕದ ಟೀಚರಾದ ನನಗೆ ಅದನ್ನು ನೋಡುವ ಆಸೆ ಎಷ್ಟು ಅಂತ ಹೇಳಿ ಮುಗಿಯದು.

ಉಳಿದ ಐದು ಜೋಡಿ: ಮನೆಯ ಹಳೆಯ ಅಡಿಗೆ ಕೋಣೆಯ ನಾಡಹಂಚಿನ ಮಾಡು, ಎದುರಿಗೆ ಸಿಯೆನಾದ ಮಾಡು. ಅಲ್ಲಿಯದ್ದೂ ನಮ್ಮ ನಾಡಹಂಚಿನ ಹಾಗೆ ಅರ್ಧ ಕೊಳವೆಯ ಆಕಾರದ ಹಂಚೇ. ಮಂಗಳೂರು ಸೆಂಟ್ರಲ್ ಸ್ಟೇಷನ್, ಎದುರಿಗೆ ರೋಮಿನ ತೆರ್ಮಿನಿ. ಹಿತ್ತಿಲಿನ ಬಾವಿ, ಎದುರಿಗೆ ರೋಮಿನ ಬೀದಿಯಲ್ಲಿ ದಿನವಿಡೀ ಕುಡಿಯುವ ನೀರು ಹರಿಯುವ ನಾಸೋನೆ. ದೊಡ್ಡ ಮೂಗು ಅಂತ ಅದರ ಅರ್ಥ, ನಲ್ಲಿಯ ಆಕಾರ ಹಾಗೆ ಉಂಟು. ನಮ್ಮ ದಾರಿಯ ಅಶ್ವತ್ಥಕಟ್ಟೆ, ಎದುರಿಗೆ ರೋಮಿನ ಬೀದಿ ಗೋಡೆಗಳಲ್ಲಿ ಗೂಡಿನೊಳಗೆ ಇರುವ ಮೇರಿಯಮ್ಮ. ಕೊನೆಯದು ನೆರಳಿನ ಜೋಡಿ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ರೋಮ್ ಸುಮಾರು 42ರಲ್ಲಿ. ಅಕ್ಟೋಬರ್ ಮಧ್ಯದಲ್ಲಿ ಇಲ್ಲಿ ಸೂರ್ಯ ನೆತ್ತಿಯ ಹತ್ತಿರ ಇರುವಾಗ ಒಂದು ಮೀಟರ್ ಕೋಲಿನ ನೆರಳು 40 ಸೆಂಟಿಮೀಟರ್ ಕೂಡ ಬರುವುದಿಲ್ಲ. ಅದೇ ಕೋಲು ರೋಮಿನಲ್ಲಿ ನಡುಮಧ್ಯಾಹ್ನಕ್ಕೇ ಒಂದು ಮೀಟರಿಗಿಂತ ಉದ್ದದ ನೆರಳು ಬೀಳಿಸುತ್ತದೆ. ಅಂದರೆ ಅಲ್ಲಿ ಕಂಬಗಳ ನೆರಳು ಇಡೀ ದಿನ ಚಿತ್ರದೊಳಗೆ ಉದ್ದಕ್ಕೆ ಬಂದು ಮಲಗುತ್ತದೆ. ನಮ್ಮ ಕಣ್ಣಿಗೆ ಆ ರೂಢಿ ಇಲ್ಲ. ಲೆಕ್ಕ ಹಾಕಿ ನೋಡಿದೆ. ಈಗ, ಸೆಪ್ಟೆಂಬರ್ ಕೊನೆಗೆ, ಮಂಗಳೂರಿನಲ್ಲಿ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ನೆರಳಿಗೆ ಆ ಉದ್ದ ಬರುತ್ತದೆ. ಮಳೆ ಬಿಟ್ಟ ದಿನ ಮೂರೂವರೆಗೆ ಮಗಳನ್ನು ಕರೆದುಕೊಂಡು ಸುಲ್ತಾನ್ ಬತ್ತೇರಿಗೆ ಹೋದೆ. ಟಿಪ್ಪು 1784ರಲ್ಲಿ ಕಟ್ಟಿಸಿದ ಆ ಕಪ್ಪು ಕಲ್ಲಿನ ಬುರುಜಿನ ಮೆಟ್ಟಿಲು, ಗುಂಡು ಹಾರಿಸುವ ಕಿಂಡಿ, ಅದರ ನೆರಳು. ಮೊದಲು ನೆರಳು ಪೂರ್ತಿ ನೀಲಿಬೂದಿಯಲ್ಲಿ ಒಂದೇ ಬಾರಿಗೆ ಹಾಕಿ, ಒಣಗಿದ ಮೇಲೆ ಕಲ್ಲಿನ ಬಣ್ಣ. ನೆರಳು ಮೊದಲು ಯಾಕೆ ಅಂದರೆ ಅದು ಓಡುತ್ತದೆ, ಕಲ್ಲು ಅಲ್ಲೇ ಇರುತ್ತದೆ.

ಮನೆಯಲ್ಲೇ ಕೂತು ಮಾಡುವ ಪುಟಗಳೂ ಇರಲಿ

ವೀಸಾದ ಓಡಾಟವನ್ನೂ ಪುಸ್ತಕಕ್ಕೆ ಸೇರಿಸಿ. ಅದೂ ಪ್ರವಾಸವೇ. ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಗೆ 15 ದಿನವಾದರೂ ಮೊದಲು ಹಾಕಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿದ್ದು, ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ವಿಮೆ ಕನಿಷ್ಠ 30,000 ಯೂರೋದ್ದು. ಇದನ್ನೆಲ್ಲ ಪುಟ 12ರಲ್ಲಿ ಚಿತ್ರದ ಪಟ್ಟಿ ಮಾಡಿದೆ. ಒಂದೊಂದು ಕಾಗದ ಸಿಕ್ಕಿದ ಹಾಗೆ ಅದರ ಚಿತ್ರಕ್ಕೆ ಬಣ್ಣ ತುಂಬಿದೆ. ಬಣ್ಣ ಇಲ್ಲದ್ದು ಕಣ್ಣಿಗೆ ಹೊಡೆದು ಕಾಣುತ್ತಿತ್ತು, ಹಾಗಾಗಿ ಯಾವುದೂ ಮರೆಯಲಿಲ್ಲ. ಪಾಸ್‌ಪೋರ್ಟಿನ ಚಿತ್ರ ಬಿಡಿಸುವಾಗ ನಂಬರು, ಹುಟ್ಟಿದ ತಾರೀಕು ಬರೆಯಬೇಡಿ. ಪುಸ್ತಕ ಕಳೆದುಹೋದರೆ ಕಷ್ಟ.

ಫೋಟೋದ ಅಳತೆ 35 × 45 ಮಿ.ಮೀ. ಒಂದು ಸ್ಟುಡಿಯೋದವರು ಬೇರೆ ಅಳತೆಯಲ್ಲಿ ತೆಗೆದುಕೊಟ್ಟು ನಾವು ಎರಡನೇ ಸಲ ಹೋಗಬೇಕಾಯಿತು. ಬೇಜಾರಾಗಿ ಮನೆಗೆ ಬಂದವಳು ಸ್ಕೇಲ್ ಹಿಡಿದು ಅದೇ ಅಳತೆಯ ಮೂರು ಚೌಕ ಹಾಕಿ, ಕನ್ನಡಿ ನೋಡಿ ನನ್ನದು, ಸೋಫಾದಲ್ಲಿದ್ದ ನಮ್ಮವರದು, ಮಗಳದು ಬಿಡಿಸಿದೆ. ಪುಸ್ತಕದಲ್ಲಿ ನಾವು ಮೂವರೂ ಒಟ್ಟಿಗೆ ಇರುವ ಪುಟ ಅದೊಂದೇ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಅರ್ಜಿ ಕೊಟ್ಟು ಬೆರಳಚ್ಚು ಕೊಟ್ಟೆವು. ಅಲ್ಲಿ ಕಾಯುವಾಗ ಬಿಡಿಸಲಿಲ್ಲ. ಅಂಥ ಜಾಗದಲ್ಲಿ ಪುಸ್ತಕ ತೆಗೆಯದಿರುವುದೇ ಸರಿ. ಮರಳುವ ಬಸ್ಸಿನಲ್ಲಿ, ನೆನಪಿನಿಂದ, ಕುರ್ಚಿಯಲ್ಲಿ ಫೈಲು ಹಿಡಿದು ಕೂತವರ ಕೈಗಳನ್ನು ಮಾತ್ರ ಬಿಡಿಸಿದೆ.

ಚಿತ್ರದ ಪಕ್ಕದಲ್ಲಿ ಏನು ಬರೆಯುವುದು ಎಂಬ ಗೊಂದಲ ಹಲವರಿಗೆ ಇರುತ್ತದೆ. ನನಗೆ ಇದನ್ನು ಕಲಿಸಿದವರು 400 ವರ್ಷದ ಹಿಂದಿನ ಒಬ್ಬ ಇಟಲಿಯವರು. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಪ್ರವಾಸಿ 1623ರಲ್ಲಿ ಮಂಗಳೂರಿಗೆ ಬಂದಿದ್ದರು. ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡರು. ಸ್ನೇಹಿತನಿಗೆ ಬರೆದ ಕಾಗದದಲ್ಲಿ ಅವರು ಕಂಡದ್ದನ್ನು ಕಂಡ ಹಾಗೆ ಬರೆದರು. ರಾಣಿ ಬರಿಗಾಲಲ್ಲಿ ನಡೆದು ಬರುತ್ತಿದ್ದಳು, ತಲೆಯ ಮೇಲೆ ತಾಳೆಗರಿಯ ಕೊಡೆ ಹಿಡಿದಿದ್ದರು, ಹೊಲಕ್ಕೆ ನೀರಿನ ಕಾಲುವೆ ತೋಡುವುದನ್ನು ನೋಡಲು ಹೊರಟಿದ್ದಳು. ನಾಲ್ಕು ಶತಮಾನ ಕಳೆದರೂ ಆ ಕೊಡೆ ನನ್ನ ಕಣ್ಣಿಗೆ ಕಟ್ಟುತ್ತದೆ. "ಬಹಳ ಗಂಭೀರ ರಾಣಿ" ಅಂತ ಮಾತ್ರ ಬರೆದಿದ್ದರೆ ನನಗೇನೂ ಕಾಣುತ್ತಿರಲಿಲ್ಲ.

ಹಾಗಾಗಿ ನಾನು "ಚಂದ ಇತ್ತು", "ಅದ್ಭುತ" ಎಂಬ ಮಾತುಗಳನ್ನು ಪುಸ್ತಕದಲ್ಲಿ ಬರೆಯುವುದಿಲ್ಲ. ಎಷ್ಟು ಗಂಟೆ, ಯಾವ ವಾಸನೆ, ಯಾರು ಏನು ಹೇಳಿದರು, ಯಾವುದಕ್ಕೆ ಎಷ್ಟು ಕೊಟ್ಟೆವು, ಇಷ್ಟೇ. ನಾಲ್ಕು ಸಾಲು ಸಾಕು. ಅದೂ ಅಲ್ಲೇ ನಿಂತು ಬರೆಯಬೇಕು, ರಾತ್ರಿಗೆ ಅಂತ ಇಟ್ಟರೆ ಆಗುವುದಿಲ್ಲ.

ಇನ್ನೊಂದು ಪುಟ ಇಟಾಲಿಯನ್ ಮಾತುಗಳದ್ದು. ನಮ್ಮ ಲಿಪಿಯಲ್ಲಿ ಬರೆದುಕೊಂಡರೆ ಓದಲು ಬಹಳ ಸುಲಭ. ಅಕ್ವಾ ಅಂದರೆ ನೀರು, ಲೋಟದ ಚಿತ್ರ. ಬಿನಾರಿಯೊ ಅಂದರೆ ಪ್ಲಾಟ್‌ಫಾರ್ಮ್, ರೈಲಿನ ಚಿತ್ರ. ಉಶೀತಾ ಹೊರಹೋಗುವ ದಾರಿ. ಕ್ಯೂಸೊ ಅಂದರೆ ಬಾಗಿಲು ಹಾಕಿದೆ. ಸೆಂತ್ಸಾ ಕಾರ್ನೆ, ಮಾಂಸ ಇಲ್ಲದ್ದು, ಇದು ನಮ್ಮವರಿಗಾಗಿ ದಪ್ಪ ಅಕ್ಷರದಲ್ಲಿ. ನನಗಾಗಿ ಒಂದು ಪೂರ್ತಿ ವಾಕ್ಯ: "ಪೊಸ್ಸೊ ದಿಸೆನ್ಯಾರೆ ಕ್ವೀ?" ಇಲ್ಲಿ ಚಿತ್ರ ಬಿಡಿಸಬಹುದಾ? ಮಗಳು ದಿನಾ ಬೆಳಿಗ್ಗೆ ಒಮ್ಮೆ ಹೇಳಿಸುತ್ತಾಳೆ.

ಎರಡು ಗಡಿಯಾರದ ಪುಟವೂ ಇರಲಿ. ನಾವು ಹೋಗುವ ದಿನಗಳಲ್ಲಿ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಕ್ಟೋಬರಿನ ಕೊನೆಯ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಅದು ನಾಲ್ಕೂವರೆ ಆಗುತ್ತದೆ. ಉಡುಪಿಯಲ್ಲಿ ಅಮ್ಮ ಸಂಜೆ ಆರೂವರೆಗೆ ದೀಪ ಇಡುವಾಗ ನಮಗೆ ಮಧ್ಯಾಹ್ನ ಮೂರು. ಫೋನು ಮಾಡುವ ಹೊತ್ತು ಅದೇ ಅಂತ ಅಮ್ಮನಿಗೂ ಹೇಳಿಯಾಗಿದೆ.

ನಿಂತು ಬಿಡಿಸುವ ಅಭ್ಯಾಸ ಬಿಡಬೇಡಿ. ರೋಮಿನ ಸ್ಪ್ಯಾನಿಷ್ ಸ್ಟೆಪ್ಸ್ ಮೆಟ್ಟಿಲುಗಳ ಮೇಲೆ 2019ರಿಂದ ಕೂರುವಂತಿಲ್ಲ, ಕೂತರೆ ದಂಡ. ಪುಸ್ತಕದ ಎರಡೂ ಬದಿಗೆ ಕ್ಲಿಪ್ಪು ಹಾಕಿ, ಎಡ ಮೊಣಕೈ ಹೊಟ್ಟೆಗೆ ಒತ್ತಿ, ಮುಂಗೈ ಮೇಲೆ ಪುಸ್ತಕ ಇಟ್ಟು ಬಿಡಿಸಿ. ಬಣ್ಣದ ಡಬ್ಬಿಯ ಅಡಿಗೆ ಒಂದು ರಬ್ಬರ್ ಬ್ಯಾಂಡ್ ಸಿಕ್ಕಿಸಿ ಹೆಬ್ಬೆರಳಿಗೆ ಹಾಕಿಕೊಳ್ಳಿ. ಮೊದಲ ವಾರ ಹೆಗಲು ನೋಯುತ್ತದೆ. ಆಮೇಲೆ ರೂಢಿಯಾಗುತ್ತದೆ. ನಾನು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ಕಲಿತೆ.

ವಿಮಾನದಲ್ಲಿ ಕೈಚೀಲಕ್ಕೆ ಬ್ಲೇಡು, ಕಟ್ಟರು ಹಾಕಬೇಡಿ. ನೀರಿನ ಬ್ರಶ್ಶು ಖಾಲಿ ಇರಲಿ. ಇಂಕಿನ ಪೆನ್ನು ಇದ್ದರೆ ಪೂರ್ತಿ ತುಂಬಿಸಿ ಅಥವಾ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲೆ ಮಾಡಿ ಇಡಿ. ಅರ್ಧ ತುಂಬಿದ್ದರೆ ಒಳಗಿನ ಗಾಳಿ ಹಿಗ್ಗಿ ಇಂಕು ಸೋರುತ್ತದೆ. ಒಣಗಿದ ಬಣ್ಣದ ಡಬ್ಬಿಗೆ ತೊಂದರೆ ಇಲ್ಲ.

ಕಳೆದ ವಾರ ಅಮ್ಮ ಉಡುಪಿಯಿಂದ ಬಂದು ಚಟ್ನಿಪುಡಿ, ಹಲಸಿನ ಹಪ್ಪಳ, ಒಂದು ಬಾಟಲಿ ತುಪ್ಪ ಕಟ್ಟಿಟ್ಟರು. ಹೊರಗಿನ ದೇಶದವರು ಯುರೋಪಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ ಅಂತ ತುಪ್ಪ ತೆಗೆದಿಡಬೇಕಾಯಿತು. ಅಮ್ಮನಿಗೆ ಬೇಸರ. "ಅಲ್ಲಿ ಹನ್ನೆರಡು ದಿನ ತುಪ್ಪ ಇಲ್ಲದೆ ಎಂತ ಊಟ ಮಗಾ?" ಎಂದರು. ಆ ಬಾಟಲಿಯನ್ನು ಕಿಟಕಿಯ ಬೆಳಕಿನಲ್ಲಿಟ್ಟು ಬಿಡಿಸಿದೆ. ಕೆಳಗೆ ಹರಳುಗಟ್ಟಿದ ತುಪ್ಪಕ್ಕೆ ಲೆಮನ್ ಯೆಲ್ಲೋ ನೀರಾಗಿಸಿ, ಮೇಲಿನ ತಿಳಿಗೆ ಓಕರ್. ಅದು ಪುಟ 28. ಪಕ್ಕದಲ್ಲಿ ಅಮ್ಮನ ಮಾತನ್ನು ಹಾಗೆಯೇ ಬರೆದಿದ್ದೇನೆ.

ಇವತ್ತು ಬಿಸಿಲು ಚೆನ್ನಾಗಿತ್ತು. ಖಾಲಿ ಇಟ್ಟ ಆರು ಬಲಪುಟಗಳಿಗೆ ಓಕರನ್ನು ಬಹಳ ತೆಳ್ಳಗೆ ಮಾಡಿ ದೊಡ್ಡ ಬ್ರಶ್ಶಿನಲ್ಲಿ ಎಳೆದೆ. ಅಲ್ಲಿ ಹೋಗಿ ಬಿಚ್ಚುವಾಗ ಪುಟ ಬಿಳಿ ಇರಬಾರದು ಅಂತ. ಒಂದು ಪುಟ ಒಣಗಿದ ಮೇಲೆ ಇನ್ನೊಂದು, ಪುಸ್ತಕವನ್ನು ಟೆರೇಸಿನಲ್ಲಿ ತೆರೆದಿಟ್ಟು, ಎರಡು ಬದಿಗೂ ಚಿಕ್ಕ ಮುರಕಲ್ಲು ಇಟ್ಟು. ಐದು ಪುಟ ಒಣಗಿದೆ. ನೆರಳಿನ ಜೋಡಿಯ ಪುಟ ಇನ್ನೂ ಸ್ವಲ್ಪ ಹಸಿ ಉಂಟು.